ಸದ್ದು ಎಲ್ಲಿಂದ ಬಂತು? ಮಕ್ಕಳಲ್ಲಿ ಇದನ್ನು ಪರೀಕ್ಷಿಸುವ ಕ್ರಮ, ಮೊದಲಿನಿಂದ ಕೊನೆಯವರೆಗೆ

ಮಗುವಿನ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಾರೆ. ಮಗು ತಿರುಗುತ್ತದೆ. "ಕಿವಿ ಚೆನ್ನಾಗಿದೆ ಬಿಡಿ" ಎಂದು ಅಲ್ಲಿಗೆ ಮುಗಿಸುತ್ತಾರೆ. ಇನ್ನೊಂದು ಮನೆಯಲ್ಲಿ ಮಗು ತಿರುಗುವುದಿಲ್ಲ. ಅವತ್ತು ರಾತ್ರಿ ಆ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ನಿಜ ಹೇಳಬೇಕೆಂದರೆ ಎರಡೂ ಮನೆಗಳಲ್ಲಿ ಪರೀಕ್ಷೆ ನಡೆದೇ ಇಲ್ಲ. ಮೊದಲನೆಯ ಮಗು ನೆರಳು ಕಂಡು ತಿರುಗಿರಬಹುದು. ಎರಡನೆಯದು ಕೈಯಲ್ಲಿದ್ದ ಬಿಸ್ಕತ್ತಿನಲ್ಲಿ ಮುಳುಗಿರಬಹುದು.

ಸದ್ದು ಕೇಳುವುದು ಬೇರೆ, ಅದು ಯಾವ ಕಡೆಯಿಂದ ಬಂತು ಎಂದು ಹೇಳುವುದು ಬೇರೆ. ಕೇಳುವುದಕ್ಕೆ ಒಂದು ಕಿವಿ ಸಾಕು. ದಿಕ್ಕು ಹಿಡಿಯಲು ಎರಡೂ ಬೇಕು. ಬಲಗಡೆ ಸದ್ದಾದರೆ ಅದು ಬಲಗಿವಿಗೆ ಚೂರು ಮುಂಚೆ ಮುಟ್ಟುತ್ತದೆ. ದೊಡ್ಡವರಲ್ಲೂ ಈ ಅಂತರ ಹೆಚ್ಚೆಂದರೆ ಸುಮಾರು 0.7 ಮಿಲಿಸೆಕೆಂಡು. ನಡುವೆ ತಲೆ ಅಡ್ಡ ಇರುವುದರಿಂದ ಎಡಗಿವಿಗೆ ಸ್ವಲ್ಪ ಮೆತ್ತಗೂ ಕೇಳುತ್ತದೆ. ಈ ಎರಡು ಸಣ್ಣ ವ್ಯತ್ಯಾಸಗಳಿಂದಲೇ ಮಿದುಳು ಎಡ ಬಲ ಗೊತ್ತುಮಾಡಿಕೊಳ್ಳುತ್ತದೆ. ಒಂದೇ ಕಿವಿ ಮಂದವಾಗಿರುವ ಮಗು ಕರೆದರೆ ಓಗೊಡುತ್ತದೆ, ಮಾತು ಕಲಿಯುತ್ತದೆ, ಶಾಲೆಗೂ ಹೋಗುತ್ತದೆ. ಎಷ್ಟೋ ವರ್ಷ ಯಾರಿಗೂ ಅನುಮಾನ ಬರುವುದಿಲ್ಲ. ದಿಕ್ಕು ಕೇಳಿದಾಗ ಮಾತ್ರ ಅದು ಹೊರಗೆ ಬರುತ್ತದೆ.

ಮನೆಯಲ್ಲಿ, ಅಂಗನವಾಡಿಯಲ್ಲಿ, ಶಾಲೆಯಲ್ಲಿ ಮಾಡಬಹುದಾದ ಕ್ರಮವನ್ನು ಕೆಳಗೆ ಕೊಟ್ಟಿದ್ದೇನೆ. ಇದು ಆಸ್ಪತ್ರೆಯ ಪರೀಕ್ಷೆಗೆ ಬದಲಿ ಅಲ್ಲ. ಇದರಲ್ಲಿ ಮಗು ಗೆದ್ದಿತು ಎಂದು ಇರುವ ಅನುಮಾನ ಬಿಟ್ಟುಬಿಡಬೇಡಿ. ಸೋತಿತು ಎಂದು ಎದೆ ಒಡೆದುಕೊಳ್ಳಲೂಬೇಡಿ. ಯಾರನ್ನು ಮುಂದಿನ ತಪಾಸಣೆಗೆ ಕಳಿಸಬೇಕು ಎಂದು ತೀರ್ಮಾನಿಸುವುದಷ್ಟೇ ಇದರ ಕೆಲಸ.

ಹಂತ 1: ವಯಸ್ಸಿಗೆ ಎಷ್ಟು ಬರಬೇಕು ಎಂದು ತಿಳಿದುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋದವರೇ ಹೆಚ್ಚು ಗಾಬರಿಪಡುವವರು.

ಹಸುಗೂಸು ಹುಟ್ಟಿದ ಮೊದಲ ವಾರಗಳಲ್ಲೇ ಸದ್ದಿನ ಕಡೆಗೆ ನಿಧಾನವಾಗಿ ತಲೆ ಹೊರಳಿಸುತ್ತದೆ. ವಿಚಿತ್ರವೆಂದರೆ, ಎರಡು ಮೂರು ತಿಂಗಳ ಹೊತ್ತಿಗೆ ಅದು ಕಡಿಮೆಯಾಗಿ, ನಾಲ್ಕನೇ ತಿಂಗಳ ಸುಮಾರಿಗೆ ಮತ್ತೆ ಬರುತ್ತದೆ. "ಮೊದಲು ತಿರುಗುತ್ತಿತ್ತು, ಈಗ ಇಲ್ಲ" ಎಂದು ಎರಡೂವರೆ ತಿಂಗಳ ಮಗುವನ್ನು ಎತ್ತಿಕೊಂಡು ಬರುವವರಿಗೆ ನಾನು ಮೊದಲು ಹೇಳುವ ಮಾತು ಇದೇ. ಆ ವಯಸ್ಸಿನಲ್ಲಿ ತಿರುಗುವುದನ್ನು ಎಣಿಸಬೇಡಿ. ಸದ್ದಿಗೆ ಬೆಚ್ಚುವುದು, ಹಾಲು ಕುಡಿಯುವುದನ್ನು ನಿಲ್ಲಿಸುವುದು, ಕಣ್ಣರಳಿಸುವುದು ಇದೆಯೇ ಎಂದಷ್ಟೇ ನೋಡಿ.

4ರಿಂದ 7 ತಿಂಗಳಲ್ಲಿ ತಲೆ ಪಕ್ಕಕ್ಕೆ ತಿರುಗುತ್ತದೆ. ಮೊದಮೊದಲು ತಡವರಿಸಿ, ಆರು ತಿಂಗಳಾದ ಮೇಲೆ ಖಚಿತವಾಗಿ. 7ರಿಂದ 9 ತಿಂಗಳಲ್ಲಿ ಪಕ್ಕದ ಸದ್ದನ್ನು ನೇರವಾಗಿ ಹಿಡಿಯುತ್ತದೆ. ಆದರೆ ಕೆಳಗಿನ ಸದ್ದಾದರೆ ಮೊದಲು ಪಕ್ಕಕ್ಕೆ ನೋಡಿ, ಆಮೇಲೆ ಕೆಳಗೆ ನೋಡುತ್ತದೆ. 9ರಿಂದ 13 ತಿಂಗಳಲ್ಲಿ ಕೆಳಗಿನದನ್ನು ನೇರವಾಗಿ ನೋಡುತ್ತದೆ. ಮೇಲಿನ ಸದ್ದು ಎಲ್ಲಕ್ಕಿಂತ ಕೊನೆಗೆ ಬರುತ್ತದೆ, ಒಂದೂವರೆ ವರ್ಷದ ಆಸುಪಾಸಿನಲ್ಲಿ. ಎಂಟು ತಿಂಗಳ ಮಗುವಿನ ತಲೆಯ ಮೇಲೆ ಗಿಲಕಿ ಆಡಿಸಿ "ಮೇಲೆ ನೋಡಲೇ ಇಲ್ಲ" ಎಂದರೆ ತಪ್ಪು ಮಗುವಿನದಲ್ಲ, ಅಲ್ವಾ?

ನಿಖರತೆಯೂ ಹೀಗೇ ಬೆಳೆಯುತ್ತದೆ. ಸದ್ದು ಜರುಗಿತು ಎಂದು ತಿಳಿಯಲು ಆರು ತಿಂಗಳ ಮಗುವಿಗೆ ಸುಮಾರು 15 ಡಿಗ್ರಿಯ ಅಂತರ ಬೇಕು. ಒಂದು ಮೀಟರ್ ದೂರದಲ್ಲಿ ಅದು ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ನೇರ ಎದುರಿನ ಸದ್ದಾದರೆ ದೊಡ್ಡವರಿಗೆ ಒಂದೆರಡು ಡಿಗ್ರಿ ಸಾಕು, ಅಂದರೆ ಅಷ್ಟೇ ದೂರದಲ್ಲಿ ಎರಡು ಬೆರಳ ಅಗಲ.

ದಿನ ತುಂಬುವ ಮೊದಲೇ ಹುಟ್ಟಿದ ಮಗುವಾದರೆ ವಯಸ್ಸನ್ನು ಸರಿಪಡಿಸಿಕೊಳ್ಳಿ. ಎರಡು ತಿಂಗಳು ಮುಂಚೆ ಹುಟ್ಟಿ ಈಗ ಎಂಟು ತಿಂಗಳಾಗಿದ್ದರೆ, ಆರು ತಿಂಗಳ ಮಗುವೆಂದೇ ಎಣಿಸಿ. ಕುತ್ತಿಗೆ ನಿಂತಿರಬೇಕು, ಒರಗಿಕೊಂಡಾದರೂ ಕೂರಲು ಬರಬೇಕು. ಕುತ್ತಿಗೆ ಒಂದು ಕಡೆಗೆ ವಾಲಿರುವ ಮಗುವಿನಲ್ಲಿ ತಲೆ ತಿರುಗಿದ್ದನ್ನು ನೋಡಿ ಏನೂ ಹೇಳಲಾಗದು.

ಹಂತ 2: ಸಾಮಾನು ಹೊಂದಿಸಿ

ಅಂಗಡಿಯಿಂದ ತರಬೇಕಾದ್ದು ಏನೂ ಇಲ್ಲ. ಮುಚ್ಚಳ ಬಿಗಿಯಾಗಿರುವ ಒಂದೇ ಅಳತೆಯ ಸಣ್ಣ ಪ್ಲಾಸ್ಟಿಕ್ ಡಬ್ಬಿಗಳು, ರಾಗಿ, ಒಂದು ಮೀಟರ್ ಉದ್ದದ ದಾರ, ಸೀಮೆಸುಣ್ಣ, ತೆಳುವಾದ ಹಳೆಯ ಹತ್ತಿ ಸೀರೆ, ಕಣ್ಣಿಗೆ ಕಟ್ಟಲು ಮೆತ್ತಗಿನ ಬಟ್ಟೆ, ಹಾಳೆ, ಪೆನ್ನು.

ಪ್ರತಿ ಡಬ್ಬಿಗೂ ಒಂದೊಂದು ಚಮಚ ರಾಗಿ, ಸಮನಾಗಿ. ತೊಗರಿಬೇಳೆ, ಕಡಲೆ ಬೇಡ, ಸದ್ದು ಜೋರಾಗುತ್ತದೆ. ಸ್ಟೀಲ್ ಡಬ್ಬಿಯೂ ಬೇಡ, ಅದು ಅಲ್ಲಾಡಿಸಿ ಮುಗಿಸಿದ ಮೇಲೂ ಗುಂಯ್ ಎನ್ನುತ್ತದೆ.

ಮೊಬೈಲಿನ ಬೀಪ್ ಸದ್ದು ಏಕೆ ಬೇಡ ಎಂದು ತುಂಬಾ ಜನ ಕೇಳುತ್ತಾರೆ. ಮನೆಯೊಳಗೆ ಸೇರಿಕೊಂಡ ಜೀರುಂಡೆಯನ್ನು ಹುಡುಕಿ ಸುಸ್ತಾಗಿದ್ದೀರಾ? ಬೀರುವಿನ ಹಿಂದೆಯೋ, ಕಿಟಕಿಯ ಹತ್ತಿರವೋ ಗೊತ್ತೇ ಆಗುವುದಿಲ್ಲ. ಒಂದೇ ಸಣ್ಣ ಸ್ವರ ಎಳೆದರೆ ದಿಕ್ಕು ಹಿಡಿಯುವುದು ದೊಡ್ಡವರಿಗೂ ಕಷ್ಟ. ಹಲವು ಸ್ವರ ಒಟ್ಟಿಗೆ ಬೆರೆತ ಒರಟು ಸದ್ದು ಸುಲಭ. ರಾಗಿ ಡಬ್ಬಿ, ಕಾಗದ ಹಿಸುಕುವ ಸದ್ದು, ಬಾಯಲ್ಲಿ ಮಾಡುವ "ಸ್ ಸ್ ಸ್", ಇವೆಲ್ಲ ಈ ಗುಂಪಿನವು.

ಬಾಯಿಂದ ಮಾಡುವ ಸದ್ದು ಎರಡು ಬಗೆಯದು ಬೇಕು. ಒಂದು "ಸ್ ಸ್", ಸಿಳ್ಳೆ ಬೆರೆಯದಂತೆ. ಇನ್ನೊಂದು ತಗ್ಗಿದ ದನಿಯಲ್ಲಿ "ಊ ಊ". ಮೊದಲನೆಯದು ತಾರ ಸ್ವರ, ಎರಡನೆಯದು ಮಂದ್ರ. "ಊ"ಗೆ ಚೆನ್ನಾಗಿ ತಿರುಗಿ "ಸ್"ಗೆ ಸುಮ್ಮನಿರುವ ಮಕ್ಕಳಿದ್ದಾರೆ. ಅವರಿಗೆ ತಾರ ಸ್ವರ ಕೇಳದಿರಬಹುದು, ಒಂದೇ ಬಗೆಯ ಸದ್ದು ಇಟ್ಟುಕೊಂಡರೆ ಅಂಥವರು ತಪ್ಪಿಸಿಕೊಳ್ಳುತ್ತಾರೆ.

ಹಂತ 3: ಕೋಣೆ ಸಿದ್ಧಮಾಡಿ

ಖಾಲಿ ಕೋಣೆ ಒಳ್ಳೆಯದು ಎಂದು ಅನ್ನಿಸುತ್ತದೆ. ಅಲ್ಲ. ಟೈಲ್ಸ್ ನೆಲ, ಬರಿಗೋಡೆ ಇರುವ ಕೋಣೆಯಲ್ಲಿ ಸದ್ದು ನಾಲ್ಕೂ ಕಡೆಯಿಂದ ತಿರುಗಿ ಬರುತ್ತದೆ. ಒಂದು ಸಲ ಚಪ್ಪಾಳೆ ತಟ್ಟಿ ನೋಡಿ. ಅದರ ಹಿಂದೆ ಮೊಳಗು ಉಳಿದರೆ ಜಮಖಾನ ಹಾಸಿ, ಬಾಗಿಲಿಗೆ ದುಪ್ಪಟಿ ಇಳಿಬಿಡಿ, ಹಾಸಿಗೆ ಇರುವ ಕೋಣೆಗೇ ಹೋಗಿ. ಮಗುವನ್ನು ಕೋಣೆಯ ನಡುವೆ ಕೂರಿಸಿ. ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಬಯಲು ಎಂದಾಗಬಾರದು.

ಫ್ಯಾನು, ಟಿವಿ, ಮಿಕ್ಸಿ ಆರಿಸಿ. ಫ್ಯಾನು ಆರಿಸಿದ ಮೇಲೆ ರೆಕ್ಕೆ ಪೂರ್ತಿ ನಿಲ್ಲುವವರೆಗೆ ಕಾಯಿರಿ. ನಾಯಿ ಬೊಗಳುವ ಹೊತ್ತು, ಸಂಜೆ ಬಸ್ಸುಗಳ ಹೊತ್ತು ಬೇಡ. ಶಾಲೆಯಲ್ಲಾದರೆ ಮೈದಾನದ ಪಕ್ಕದ ಕೋಣೆ ಬಿಟ್ಟು ಬೇರೆ ಯಾವುದಾದರೂ ಸರಿ.

ಆಮೇಲೆ ಮಗು ಕೂರುವ ಜಾಗದಲ್ಲಿ, ಮಗುವಿನ ಕಣ್ಣಿನ ಎತ್ತರಕ್ಕೆ ನೀವೇ ಕೂತು ನೋಡಿ. ಬೀರುವಿನ ಕನ್ನಡಿಯಲ್ಲಿ, ಹಿಂದೆ ನಿಂತು ಸದ್ದು ಮಾಡುವವರು ಕಾಣುತ್ತಾರೆಯೇ? ಆರಿಸಿದ ಟಿವಿಯ ಕರಿ ಗಾಜಿನಲ್ಲಿ? ಕಿಟಕಿ ಬೆಳಕಿನಿಂದ ಹಿಂದಿನವರ ನೆರಳು ಮುಂದಿನ ನೆಲಕ್ಕೆ ಬೀಳುತ್ತದೆಯೇ? ಶಿಬಿರವೊಂದರಲ್ಲಿ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ನೋಡಿದ ಹನ್ನೊಂದು ಮಕ್ಕಳ ಹಾಳೆಗಳನ್ನು ನಾನು ಹರಿದು ಹಾಕಬೇಕಾಯಿತು. ನನ್ನ ಹಿಂದೆಯೇ ಪೂರ್ವದ ಕಿಟಕಿ ಇತ್ತು. ಮಕ್ಕಳೆಲ್ಲ ನನ್ನ ನೆರಳಿನ ಕೈ ಎದ್ದ ಕಡೆಗೆ ಸೊಗಸಾಗಿ ತಿರುಗಿದ್ದರು.

ಹಂತ 4: ಮೊದಲು ದೊಡ್ಡವರೊಬ್ಬರ ಮೇಲೆ ಮಾಡಿ

ಮನೆಯಲ್ಲಿ ಕಿವಿ ಸರಿ ಇರುವ ದೊಡ್ಡವರನ್ನು ಕೂರಿಸಿ, ಕಣ್ಣು ಮುಚ್ಚಿಸಿ, ಹತ್ತು ಸಲ ಎಡ ಬಲ ಸದ್ದು ಮಾಡಿ. ಅವರಿಗೇ ತಪ್ಪಾದರೆ ಕೋಣೆಯೋ ಸದ್ದೋ ಸರಿ ಇಲ್ಲ ಎಂದರ್ಥ. ಆಮೇಲೆ ಅವರು ಒಂದು ಕಿವಿಯನ್ನು ಬೆರಳಿನಿಂದ ಗಟ್ಟಿಯಾಗಿ ಮುಚ್ಚಿಕೊಳ್ಳಲಿ, ಮತ್ತೆ ಹತ್ತು ಸಲ ಮಾಡಿ. ಹೆಚ್ಚುಕಡಿಮೆ ಎಲ್ಲ ಸದ್ದೂ ತೆರೆದ ಕಿವಿಯ ಕಡೆಯಿಂದಲೇ ಬಂದಂತೆ ಅವರಿಗೆ ಅನ್ನಿಸುತ್ತದೆ. ಒಂದು ಕಿವಿ ಮಂದವಿರುವ ಮಗು ಹೇಗೆ ತಪ್ಪುತ್ತದೆ ಎಂಬುದನ್ನು ಕಣ್ಣಾರೆ ನೋಡಿದ ಹಾಗಾಗುತ್ತದೆ. ಇದನ್ನು ಬಿಡಬೇಡಿ, ಐದು ನಿಮಿಷದ ಕೆಲಸ.

ಸದ್ದಿನ ಜೋರನ್ನೂ ಈಗಲೇ ಪಳಗಿಸಿಕೊಳ್ಳಿ. ಒಂದು ಮೀಟರ್ ದೂರದ ಸಾಮಾನ್ಯ ಮಾತು ಸುಮಾರು 60 ಡೆಸಿಬೆಲ್, ಪಿಸುಮಾತು ಸುಮಾರು 30. ನಿಮಗೆ ಬೇಕಾದ್ದು ಪಿಸುಮಾತಿಗಿಂತ ತುಸು ಮೇಲೆ, 35ರ ಆಸುಪಾಸು. ಡಬ್ಬಿಯನ್ನು ಕುಲುಕಬಾರದು, ಬೆರಳ ತುದಿಯಲ್ಲಿ ಹಿಡಿದು ಮೆಲ್ಲಗೆ ಹೊರಳಿಸಬೇಕು. ಮೊಬೈಲಿನ ಡೆಸಿಬೆಲ್ ಆ್ಯಪ್‌ಗಳ ಅಂಕಿಯನ್ನು ಪೂರ್ತಿ ನಂಬಬೇಡಿ. ಆದರೆ ಎಡಗಡೆಯೂ ಬಲಗಡೆಯೂ ಒಂದೇ ಜೋರಿನಲ್ಲಿ ಮಾಡುತ್ತಿದ್ದೇನೆಯೇ ಎಂದು ಹೋಲಿಸಿಕೊಳ್ಳಲು ಅವು ಸಾಕು. ಬಲಗೈಯವರು ಬಲಗಡೆ ಜೋರು ಮಾಡುತ್ತಾರೆ, ಅವರಿಗೇ ಗೊತ್ತಿಲ್ಲದೆ.

ಹಂತ 5: ಸರದಿ ಚೀಟಿ ಬರೆದಿಟ್ಟುಕೊಳ್ಳಿ

ಸ್ಥಳದಲ್ಲೇ ಮನಸ್ಸಿಗೆ ಬಂದ ಹಾಗೆ ಮಾಡುತ್ತೇನೆ ಎನ್ನಬೇಡಿ. ನಮ್ಮ ಮನಸ್ಸು ಎಡ, ಬಲ, ಎಡ, ಬಲ ಎಂದೇ ಓಡುತ್ತದೆ. ಮಗು ಮೂರನೇ ಸಲಕ್ಕೆ ಅದನ್ನು ಕಂಡುಹಿಡಿದಿರುತ್ತದೆ. "ಎ", "ಬ", "ಖಾಲಿ" ಎಂದು ಚೀಟಿ ಬರೆದು, ಕಲಸಿ, ಎತ್ತಿದ ಕ್ರಮವನ್ನು ಹಾಳೆಗೆ ಇಳಿಸಿ.

ಚಿಕ್ಕ ಮಕ್ಕಳಿಗೆ ಒಂದು ಬಗೆಯ ಸದ್ದಿಗೆ ಎಡ 3, ಬಲ 3, ಖಾಲಿ 2. ದೊಡ್ಡ ಮಕ್ಕಳಿಗೆ ಎಡ 5, ಬಲ 5, ಖಾಲಿ 2.

ಈ "ಖಾಲಿ" ಸುತ್ತು ಏನೆಂದರೆ, ಹಿಂದಿನವರು ಎಲ್ಲವನ್ನೂ ಎಂದಿನಂತೆ ಮಾಡುತ್ತಾರೆ, ಹೆಜ್ಜೆ ಇಡುತ್ತಾರೆ, ಬಾಗುತ್ತಾರೆ, ಕೈ ಎತ್ತುತ್ತಾರೆ. ಸದ್ದು ಮಾತ್ರ ಮಾಡುವುದಿಲ್ಲ. ಆಗಲೂ ಮಗು ತಿರುಗಿತೆಂದರೆ ಅದಕ್ಕೆ ಬೇರೇನೋ ಸುಳಿವು ಸಿಗುತ್ತಿದೆ. ಬಟ್ಟೆಯ ಸರಪರ, ಬಳೆ, ಉಸಿರು, ಮುಡಿದ ಮಲ್ಲಿಗೆಯ ಘಮ, ಏನೂ ಆಗಿರಬಹುದು. ಈ ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದನ್ನು ನೆನಪಿಟ್ಟುಕೊಳ್ಳುತ್ತೇನೆ ಎನ್ನುವವರು ಖಾಲಿ ಸುತ್ತನ್ನು ನೆನಪಿಟ್ಟುಕೊಳ್ಳಿ. ಅದಿಲ್ಲದೆ ಬಂದ ಫಲಿತಾಂಶವನ್ನು ನಾನಂತೂ ನಂಬುವುದಿಲ್ಲ.

ಹಂತ 6: ಆರು ತಿಂಗಳಿಂದ ಒಂದೂವರೆ ವರ್ಷದ ಮಕ್ಕಳಿಗೆ

ಮೂರು ಜನ ಬೇಕು. ಮಗುವನ್ನು ಹಿಡಿಯುವವರು, ಮುಂದೆ ಕೂತು ಗಮನ ಸೆಳೆಯುವವರು, ಹಿಂದೆ ನಿಂತು ಸದ್ದು ಮಾಡುವವರು. ಒಬ್ಬರೇ ಎರಡು ಕೆಲಸ ಮಾಡಲು ಹೋಗಬೇಡಿ.

ಹೊಟ್ಟೆ ತುಂಬಿರುವ, ನಿದ್ದೆ ಆಗಿರುವ ಹೊತ್ತು ಆರಿಸಿ. ಮಗು ಅಮ್ಮನ ತೊಡೆಯ ಮೇಲೆ, ಮುಂದಕ್ಕೆ ಮುಖ ಮಾಡಿ ಕೂರಲಿ. ಬೆನ್ನು ಅಮ್ಮನ ಎದೆಗೆ ಒರಗಬಾರದು, ಒರಗಿದರೆ ತಲೆ ತಿರುಗಿಸಲು ಜಾಗ ಇರುವುದಿಲ್ಲ. ಅಮ್ಮನ ಕೈ ಮಗುವಿನ ಸೊಂಟದ ಮೇಲೆ ಇರಲಿ. ಅಮ್ಮನಿಗೆ ಮೊದಲೇ ಹೇಳಿ: ಸದ್ದು ಕೇಳಿದರೂ ಅಲ್ಲಾಡಬಾರದು, ತೊಡೆ ಬಿಗಿ ಮಾಡಬಾರದು, ಉಸಿರು ಹಿಡಿಯಬಾರದು. ಅಮ್ಮನ ಮೈ ಬಿಗಿಯಾದದ್ದು ಮಗುವಿಗೆ ತಕ್ಷಣ ತಿಳಿಯುತ್ತದೆ.

ಮುಂದಿನವರು ಸಣ್ಣ ಮಣೆಯ ಮೇಲೆ ಏನಾದರೂ ಆಟದ ವಸ್ತು ಇಟ್ಟು ಆಡಿಸಲಿ. ಅದು ತೀರಾ ಚೆಂದದ್ದಾಗಬಾರದು. ಹಳೆಯ ಡಬ್ಬಿಯ ಮುಚ್ಚಳ ಗಿರ್ರನೆ ತಿರುಗಿಸಿದರೆ ಸಾಕು. ಮಗುವಿನ ಕಣ್ಣು ಅಲ್ಲಿ ನೆಟ್ಟ ಮೇಲೆ, ಮುಚ್ಚಳವನ್ನು ಅಂಗೈಯಿಂದ ಮುಚ್ಚಿ ಸುಮ್ಮನಾಗಬೇಕು. ಆ ಕ್ಷಣ ಮಗುವಿನ ಗಮನ ಎಲ್ಲೂ ಅಂಟದೆ ಖಾಲಿಯಾಗಿ ನಿಂತಿರುತ್ತದೆ. ಒಂದೆರಡು ಸೆಕೆಂಡಿನ ಕಿಂಡಿ ಅದು. ಅದರೊಳಗೆ ಸದ್ದು ಬರಬೇಕು. ಆಟ ಜೋರಾಗಿ ನಡೆಯುವಾಗ ಸದ್ದು ಮಾಡಿದರೆ ಕಿವಿ ಚೆನ್ನಾಗಿರುವ ಮಗುವೂ ತಿರುಗುವುದಿಲ್ಲ. ಪರೀಕ್ಷೆ ಕೆಡುವುದು ಹೆಚ್ಚಾಗಿ ಇಲ್ಲೇ, ಹಾಗಾಗಿ ಈ ಇಬ್ಬರೂ ಗೊಂಬೆಯೊಂದನ್ನು ಕೂರಿಸಿಕೊಂಡು ನಾಲ್ಕಾರು ಸಲ ಅಭ್ಯಾಸ ಮಾಡಿಕೊಳ್ಳುವುದು ಮೇಲು.

ಸದ್ದು ಮಾಡುವವರು ನಿಲ್ಲಬೇಕಾದ್ದು ಪಕ್ಕಕ್ಕೂ ಅಲ್ಲ, ನೇರ ಬೆನ್ನಿಗೂ ಅಲ್ಲ, ಎರಡರ ನಡುವಿನ ಮೂಲೆಯಲ್ಲಿ. ಮಗುವಿನ ಕಿವಿಯಿಂದ ದಾರದ ಅಳತೆಗೆ ಒಂದು ಮೀಟರ್ ದೂರ. ಡಬ್ಬಿ ಕಿವಿಯ ಎತ್ತರಕ್ಕೇ ಇರಬೇಕು, ಅಂದರೆ ನೀವು ಮಂಡಿಯೂರಬೇಕು. ಇನ್ನೂ ಪಕ್ಕಕ್ಕೆ ಬಂದರೆ ಮಗುವಿಗೆ ಕಣ್ಣಂಚಿನಲ್ಲಿ ಕಾಣುತ್ತೀರಿ. ಬಳೆ, ಗೆಜ್ಜೆ, ಕೀಗೊಂಚಲು ತೆಗೆದಿಡಿ. ಸೆಂಟು, ಹೂವು ಬೇಡ. ಬರಿಗಾಲಲ್ಲಿರಿ.

ಸದ್ದನ್ನು ಹೆಚ್ಚೆಂದರೆ ಹತ್ತು ಸೆಕೆಂಡು ಮಾಡಿ. ಮಗು ಸದ್ದಿನ ಕಡೆಗೆ ಸ್ಪಷ್ಟವಾಗಿ ತಲೆ ತಿರುಗಿಸಿ ನೋಡಿದರೆ ಮಾತ್ರ "ಸರಿ" ಎಂದು ಬರೆಯಿರಿ. ತಿರುಗಿದ ಕೂಡಲೇ ನಗಿ, "ಸಿಕ್ತಾ ಕಳ್ಳ!" ಎಂದು ಕೆನ್ನೆ ಮುಟ್ಟಿ. ಆ ಬಹುಮಾನವಿಲ್ಲದಿದ್ದರೆ ನಾಲ್ಕನೇ ಸುತ್ತಿಗೆ ಮಗುವಿಗೆ ಬೇಸರ ಬರುತ್ತದೆ. ಮತ್ತೆ ಮುಂದಿನವರು ಗಮನವನ್ನು ಮುಚ್ಚಳಕ್ಕೆ ಎಳೆಯಲಿ.

ಮುಂದಿನವರಿಗೆ ಒಂದು ಎಚ್ಚರಿಕೆ. ಸದ್ದು ಬಂದಾಗ ನಿಮ್ಮ ಕಣ್ಣು ಅತ್ತ ಹೋಗಬಾರದು. ಮಕ್ಕಳು ಕಿವಿಗಿಂತ ಮುಂಚೆ ನಿಮ್ಮ ಕಣ್ಣನ್ನು ಓದುತ್ತಾರೆ. ಮಗುವಿನ ಮೂಗಿನ ತುದಿಯನ್ನೇ ನೋಡುತ್ತಿರಿ.

ಹತ್ತು ಹನ್ನೆರಡು ನಿಮಿಷಕ್ಕೆ ನಿಲ್ಲಿಸಿ. ಇವತ್ತು ರಾಗಿ ಡಬ್ಬಿ ಮತ್ತು "ಸ್", ಇನ್ನೊಂದು ದಿನ "ಊ" ಎಂದು ಹಂಚಿಕೊಳ್ಳಿ.

ಹಂತ 7: ಒಂದೂವರೆಯಿಂದ ಮೂರು ವರ್ಷದವರಿಗೆ

ಈ ವಯಸ್ಸಿನವರು ಮುಚ್ಚಳದ ಆಟಕ್ಕೆ ಸಿಗುವುದಿಲ್ಲ. ಹಿಂದೆ ಯಾರೋ ಇದ್ದಾರೆ ಎಂದು ಅವರಿಗೆ ಗೊತ್ತು, ಎದ್ದು ಹೋಗಿ ಡಬ್ಬಿ ಕಿತ್ತುಕೊಳ್ಳುತ್ತಾರೆ. ಇವರಿಗೆ ಗೊಂಬೆ ಕಾಣಿಸುವ ಆಟ ಮಾಡಿ. ಮಗುವಿನ ಎಡಕ್ಕೊಂದು, ಬಲಕ್ಕೊಂದು ಕುರ್ಚಿ ಇಟ್ಟು ಅದರ ಮೇಲೆ ದುಪ್ಪಟಿ ಹಾಕಿ. ಎರಡರ ಹಿಂದೆಯೂ ಒಬ್ಬೊಬ್ಬರು ಕೂರಲಿ, ಇಬ್ಬರ ಹತ್ತಿರವೂ ಡಬ್ಬಿ ಮತ್ತು ಗೊಂಬೆ ಇರಲಿ.

ಮೊದಲು ಸದ್ದು. ಮಗು ಆ ಕಡೆ ತಿರುಗಿದ ಮೇಲೆ ಗೊಂಬೆ. ತಿರುಗದಿದ್ದರೆ ಗೊಂಬೆ ಇಲ್ಲ. ಕಲಿಸಲೆಂದು ಮೊದಲ ಎರಡು ಮೂರು ಸುತ್ತಿನಲ್ಲಿ ಮಾತ್ರ ಎರಡನ್ನೂ ಒಟ್ಟಿಗೆ ತೋರಿಸಬಹುದು, ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕೊನೆಯವರೆಗೂ ಒಟ್ಟಿಗೇ ತೋರಿಸುತ್ತಾ ಹೋದರೆ ನೀವು ಪರೀಕ್ಷಿಸುತ್ತಿರುವುದು ಕಣ್ಣನ್ನು. ಆಸ್ಪತ್ರೆಗಳಲ್ಲಿ ಬೆಳಕು ಬೀರುವ, ಕುಣಿಯುವ ಗೊಂಬೆ ಇಟ್ಟು ಮಾಡುವ ಪರೀಕ್ಷೆಯ ಹಿಂದಿನ ಉಪಾಯವೂ ಇದೇ.

ಹಂತ 8: ಮೂರರಿಂದ ಐದು ವರ್ಷದವರಿಗೆ

ಇವರಿಗೆ ಬೆರಳು ತೋರಿಸಲು ಬರುತ್ತದೆ. ಆದರೆ "ಎಡ", "ಬಲ" ಎಂಬ ಮಾತುಗಳು ಇನ್ನೂ ಕಲಸುಮೇಲೋಗರ. ಆ ಮಾತುಗಳನ್ನು ಬಳಸಲೇಬೇಡಿ. ಕಣ್ಣು ಕಟ್ಟಲೂಬೇಡಿ, ಹಲವರು ಹೆದರಿ ಅಳುತ್ತಾರೆ.

ಹಳೆಯ ಹತ್ತಿ ಸೀರೆಯನ್ನು ಅಡ್ಡಲಾಗಿ ಕಟ್ಟಿ. ರೇಷ್ಮೆ, ದಪ್ಪ ಪರದೆ ಸದ್ದನ್ನು ತಡೆಯುತ್ತವೆ. ಸೀರೆಯ ಮೇಲೆ ಐದು ಕಡೆ ಚಿತ್ರ ಸಿಕ್ಕಿಸಿ: ಹಸು, ಬೆಕ್ಕು, ಕಾಗೆ, ಆನೆ, ಮೀನು. ಮಗು ಒಂದು ಮೀಟರ್ ದೂರದಲ್ಲಿ, ನಡುವಿನ ಚಿತ್ರಕ್ಕೆ ಎದುರಾಗಿ ಕೂರಲಿ. ಚಿತ್ರಗಳ ನಡುವೆ ಎರಡು ಗೇಣಿನಷ್ಟಾದರೂ ಅಂತರ ಇರಲಿ. ಸೀರೆಯ ಹಿಂದಿನಿಂದ ಒಂದು ಚಿತ್ರದ ನೇರಕ್ಕೆ ಡಬ್ಬಿ ಹೊರಳಿಸಿ, "ಯಾರು ರಾಗಿ ತಿಂದರು?" ಎಂದು ಕೇಳಿ. ಮಗು ಹೆಸರು ಹೇಳಲಿ, ಅಥವಾ ತೋರಿಸಲಿ. ಹಿಂದಿನವರ ತಲೆ ಸೀರೆಗೆ ತಾಗಿ ಉಬ್ಬಿದರೆ ಆಟ ಅಲ್ಲಿಗೆ ಮುಗಿಯಿತು, ಆ ಸುತ್ತನ್ನು ಹೊಡೆದುಹಾಕಿ. ಮಗು ಪ್ರತಿ ಸಲವೂ ಆನೆಯನ್ನೇ ತೋರಿಸುತ್ತಿದ್ದರೆ ಅದಕ್ಕೆ ಆನೆ ಇಷ್ಟ ಅಷ್ಟೇ. ಚಿತ್ರಗಳ ಜಾಗ ಬದಲಾಯಿಸಿ ಮತ್ತೆ ಮಾಡಿ.

ಹಂತ 9: ಆರು ವರ್ಷ ದಾಟಿದವರಿಗೆ, ಎಂಟು ದಿಕ್ಕಿನ ವೃತ್ತ

ಶಾಲೆಯಲ್ಲಿ ಮಾಡಲು ಇದೇ ಚೆನ್ನ. ನೆಲದ ಮೇಲೆ ದಾರ ಹಿಡಿದು ಒಂದು ಮೀಟರ್ ತ್ರಿಜ್ಯದ ವೃತ್ತ ಎಳೆಯಿರಿ. ಎಂಟು ಗುರುತು ಹಾಕಿ. ಪಕ್ಕದ ಗುರುತಿಗೆ ನೇರ ಅಂತರ 76 ಅಥವಾ 77 ಸೆಂಟಿಮೀಟರ್ ಬಂದರೆ ಸಮವಾಗಿ ಬಿದ್ದಿವೆ ಎಂದರ್ಥ. ನಡುವೆ ಕುರ್ಚಿ. ಮುಂದಿನ ಗುರುತಿಗೆ 1 ಎಂದು ಕೊಟ್ಟು ಗಡಿಯಾರದಂತೆ ಬಲಕ್ಕೆ ಎಣಿಸಿ. ಆಗ 3 ನೇರ ಬಲ, 5 ನೇರ ಹಿಂದೆ, 7 ನೇರ ಎಡ.

ಒಬ್ಬರೇ ಸುತ್ತಿ ಸುತ್ತಿ ಬಂದರೆ ಹೆಜ್ಜೆ ಸದ್ದೇ ಉತ್ತರ ಹೇಳಿಬಿಡುತ್ತದೆ. ಎಂಟು ಮಕ್ಕಳನ್ನೇ ನಿಲ್ಲಿಸಿ, ಒಬ್ಬೊಬ್ಬರಿಗೂ ಒಂದು ಡಬ್ಬಿ ಕೊಡಿ. ಕೂತ ಮಗುವಿನ ಕಿವಿಯ ಎತ್ತರಕ್ಕೆ ಡಬ್ಬಿ ಹಿಡಿಯಬೇಕು. ಟೀಚರು ಬೆರಳ ಸನ್ನೆಯಿಂದ ತೋರಿಸಿದವರು ಒಂದೇ ಒಂದು ಸಲ, ಅರ್ಧ ಸೆಕೆಂಡು, ಡಬ್ಬಿ ಅಲ್ಲಾಡಿಸಬೇಕು. ಉಳಿದವರು ನಗಬಾರದು. ಇದನ್ನು ಒಪ್ಪಿಸುವುದೇ ದೊಡ್ಡ ಕೆಲಸ! ಕಣ್ಣಾಮುಚ್ಚಾಲೆಯ ಹಾಗೆ "ನಕ್ಕವರು ಔಟ್" ಎಂದು ನಿಯಮ ಮಾಡಿದರೆ ಸಾಗುತ್ತದೆ. ಎಂಟು ಸುತ್ತಿಗೊಮ್ಮೆ ಡಬ್ಬಿಗಳನ್ನು ಅದಲುಬದಲು ಮಾಡಿ. ಇಲ್ಲವಾದರೆ ಜಾಣ ಮಗು ಡಬ್ಬಿಯ ದನಿಯನ್ನೇ ಗುರುತು ಹಿಡಿಯುತ್ತದೆ.

ಕೂತ ಮಗುವಿಗೆ ಕಣ್ಣು ಕಟ್ಟುವಾಗ ಬಟ್ಟೆ ಕಿವಿಯ ಮೇಲೆ ಬರಬಾರದು. ಸದ್ದು ಮುಗಿಯುವವರೆಗೆ ತಲೆ ನೇರ, ಆಮೇಲೆ ಕೈ ಚಾಚಿ ತೋರಿಸಲಿ. ತಲೆ ತಿರುಗಿಸಲು ಬಿಟ್ಟರೆ ಪರೀಕ್ಷೆ ಸುಲಭವಾಗುತ್ತದೆ, ಏಕೆಂದರೆ ತಲೆ ಆಡಿಸಿದಾಗ ಮುಂದಿನದೋ ಹಿಂದಿನದೋ ಎಂಬ ಗೊಂದಲ ಬಿಡಿಸಿಕೊಳ್ಳುತ್ತದೆ.

ಪ್ರತಿ ಗುರುತಿಗೆ ಮೂರು ಸಲ, ಒಟ್ಟು 24 ಸುತ್ತು, ಜೊತೆಗೆ ಖಾಲಿ 4. ಮಗು "ಏನೂ ಕೇಳಲಿಲ್ಲ" ಎಂದು ಹೇಳಬಹುದು ಎಂಬುದನ್ನು ಮೊದಲೇ ತಿಳಿಸಿ. ಹೇಳದಿದ್ದರೆ ಮಕ್ಕಳು ಟೀಚರಿಗೆ ಬೇಸರವಾದೀತೆಂದು ಏನಾದರೊಂದು ತೋರಿಸಿಬಿಡುತ್ತಾರೆ.

ಹಂತ 10: ಲೆಕ್ಕ ಹಾಕುವುದು

ಎಡ ಬಲ ಹತ್ತು ಸುತ್ತಿನಲ್ಲಿ ಸುಮ್ನೆ ಊಹಿಸಿದರೂ ಐದು ಸರಿ ಬರುತ್ತವೆ. ಎಂಟು ಅಥವಾ ಹೆಚ್ಚು ಸರಿ ಬರುವ ಅದೃಷ್ಟ ಸುಮಾರು ಹದಿನೆಂಟಕ್ಕೊಮ್ಮೆ. ಒಂಬತ್ತು ಅಥವಾ ಹೆಚ್ಚು ಬರುವುದು ನೂರಕ್ಕೊಮ್ಮೆ. ಹಾಗಾಗಿ ದೊಡ್ಡ ಮಕ್ಕಳಿಗೆ ಒಂಬತ್ತು ಎಂದು ಗೆರೆ ಹಾಕಿಕೊಳ್ಳಿ. ಹಸುಳೆಗಳಿಗೆ ಪ್ರತಿ ಕಡೆಗೂ ಮೂರರಲ್ಲಿ ಎರಡು ಸರಿ ಬಂದು, ಖಾಲಿ ಸುತ್ತಿನಲ್ಲಿ ತಿರುಗದೆ ಇದ್ದರೆ ಸಾಕು. ಮೂರೇ ಸುತ್ತಿನಲ್ಲಿ ಅದೃಷ್ಟಕ್ಕೂ ಜಾಗ ಇರುವುದರಿಂದ ಒಂದು ವಾರ ಬಿಟ್ಟು ಮತ್ತೊಮ್ಮೆ ಮಾಡಿ.

ಎಂಟು ದಿಕ್ಕಿನ ವೃತ್ತದಲ್ಲಿ ಊಹೆಯಿಂದ ಸಿಗುವುದು 24ಕ್ಕೆ 3. ಅಲ್ಲಿ ಎಷ್ಟು ತಪ್ಪು ಎಂಬುದಕ್ಕಿಂತ ಎಂಥ ತಪ್ಪು ಎಂಬುದೇ ಮುಖ್ಯ. ಪಕ್ಕದ ಗುರುತಿಗೆ ತೋರಿಸಿದರೆ ಅದು ಸಣ್ಣ ತಪ್ಪು. 1ರ ಬದಲು 5, ಅಥವಾ 2ರ ಬದಲು 4 ಎಂದರೆ ಅದು ಮುಂದು ಹಿಂದಿನ ಗೊಂದಲ. ಸದ್ದು ಚುಟುಕಾಗಿ, ತಲೆ ಅಲ್ಲಾಡದೆ ಇದ್ದಾಗ ದೊಡ್ಡವರೂ ಹೀಗೆ ತಪ್ಪುತ್ತಾರೆ, ಏಕೆಂದರೆ ಈ ಜೋಡಿ ಜಾಗಗಳಲ್ಲಿ ಎರಡು ಕಿವಿಗಳ ನಡುವಿನ ವ್ಯತ್ಯಾಸ ಹೆಚ್ಚುಕಡಿಮೆ ಒಂದೇ. ಅಂಥ ತಪ್ಪನ್ನು ಬೇರೆ ಬಣ್ಣದಲ್ಲಿ ಬರೆದಿಡಿ, ಗಾಬರಿ ಬೇಡ. 3ರ ಬದಲು 7, 2ರ ಬದಲು 8 ಎಂದು ಎಡ ಬಲ ಅದಲುಬದಲಾಗುವುದೇ ನಿಜವಾದ ಎಚ್ಚರಿಕೆ. ಎರಡಕ್ಕಿಂತ ಹೆಚ್ಚು ಸಲ ಹಾಗಾದರೆ ಇನ್ನೊಂದು ದಿನ ಮತ್ತೆ ಮಾಡಿ. ಮತ್ತೆಯೂ ಹಾಗೇ ಆದರೆ ತಪಾಸಣೆಗೆ ಕಳಿಸಿ.

ತಪ್ಪುಗಳಿಗೆ ಒಂದು ಚಹರೆ ಇರುತ್ತದೆ. ಎಲ್ಲ ತಪ್ಪೂ ಬಲಕ್ಕೇ ವಾಲಿದ್ದರೆ ಎಡಗಿವಿಯ ಮೇಲೆ ಅನುಮಾನ, ಎಡಕ್ಕೆ ವಾಲಿದ್ದರೆ ಬಲಗಿವಿಯ ಮೇಲೆ. ಸದ್ದು ಕೇಳಿಸಿದ್ದು ಮುಖದಲ್ಲಿ ಕಾಣುತ್ತದೆ, ಆದರೆ ಮಗು ಅತ್ತಿತ್ತ ಹುಡುಕಾಡುತ್ತದೆ ಎಂದರೆ ಅದೂ ಒಂದು ಸುಳಿವು. ಎರಡೂ ಕಡೆ ಮೆತ್ತಗಿನ ಸದ್ದಿಗೆ ಏನೂ ಇಲ್ಲ, ಜೋರು ಮಾಡಿದರೆ ಮಾತ್ರ ತಿರುಗುತ್ತದೆ ಎಂದರೆ ಪ್ರಶ್ನೆ ದಿಕ್ಕಿನದಲ್ಲ, ಕೇಳುವಿಕೆಯದೇ.

ನೆಗಡಿ ಇದ್ದಾಗ ಮಾಡಿದ ಪರೀಕ್ಷೆಯನ್ನು ನೆಗಡಿ ಬಿಟ್ಟ ಮೇಲೆ ಮತ್ತೆ ಮಾಡಿ. ಕಿವಿ ತಮಟೆಯ ಹಿಂದೆ ನೀರು ನಿಂತಿದ್ದರೆ ದಿಕ್ಕು ಮಸುಕಾಗುತ್ತದೆ. ನೋವಿಲ್ಲದೆಯೂ ನೀರು ನಿಲ್ಲುವುದರಿಂದ ಮನೆಯವರಿಗೆ ಗೊತ್ತೇ ಆಗುವುದಿಲ್ಲ.

ಮತ್ತೆ ಮತ್ತೆ ಕಾಣುವ ತಪ್ಪುಗಳು

ಹೆಸರು ಹಿಡಿದು ಕರೆಯುವುದು. ಹೆಸರಿಗೆ ತಿರುಗದಿರಲು ಕಿವಿಯೇ ಕಾರಣವಾಗಬೇಕಿಲ್ಲ, ಆಟದ ಮೋಹ, ಹಟ, ಬೆಳವಣಿಗೆಯ ಬೇರೆ ಕಾರಣಗಳೂ ಇರುತ್ತವೆ. ಬಾಗಿಲು ಬಡಿಯುವುದು, ತಟ್ಟೆ ಬೀಳಿಸುವುದು ಇನ್ನೊಂದು. ಅಷ್ಟು ಜೋರಿನ ಸದ್ದು ನೆಲದ ಅದುರಾಗಿ ಮೈಗೇ ತಟ್ಟುತ್ತದೆ, ಪೂರ್ತಿ ಕೇಳದ ಮಗುವೂ ತಿರುಗುತ್ತದೆ. ಪಟಾಕಿ ಹೊಡೆದು ನೋಡಿದೆವು ಎಂದವರೂ ಇದ್ದಾರೆ. ದಯವಿಟ್ಟು ಬೇಡ, ಚೆನ್ನಾಗಿರುವ ಕಿವಿಯೂ ಹಾಳಾದೀತು.

ಕಿವಿಯ ಹತ್ತಿರ ಬಂದು ಊದಿದಂತೆ "ಸ್ ಸ್" ಎನ್ನುವುದೂ ತಪ್ಪು, ಉಸಿರಿನ ಗಾಳಿ ಕೆನ್ನೆಗೆ ಬಡಿಯುತ್ತದೆ. ತಿರುಗದಿದ್ದಾಗ ಪಟ್ಟು ಹಿಡಿದು ಹತ್ತಾರು ಸಲ ಮಾಡಿ, ಕೊನೆಗೊಮ್ಮೆ ತಿರುಗಿದ್ದನ್ನು ಮಾತ್ರ ಬರೆದುಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಅಜ್ಜಿಯರು ಇದನ್ನು ಪ್ರೀತಿಯಿಂದಲೇ ಮಾಡುತ್ತಾರೆ, ಹಾಗಾಗಿ ಹಾಳೆ ಪೆನ್ನು ಬೇರೆಯವರ ಕೈಯಲ್ಲಿರಲಿ.

ಶ್ರವಣಯಂತ್ರ ಹಾಕುವ ಮಕ್ಕಳಿಗೂ ಇದೇ ಕ್ರಮ. ಯಂತ್ರ ಹಾಕಿ ಒಮ್ಮೆ, ತೆಗೆದು ಒಮ್ಮೆ ಮಾಡಿ, ಎರಡೂ ಹಾಳೆಗಳನ್ನು ಅವರ ಕಿವಿ ಪರೀಕ್ಷಿಸುವ ಆಡಿಯಾಲಜಿಸ್ಟ್‌ಗೆ ಕೊಡಿ. ಒಂದೇ ಕಡೆ ಯಂತ್ರವಿರುವ ಮಗು ದಿಕ್ಕಿನಲ್ಲಿ ತಪ್ಪಿದರೆ ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡಿ.

ತಡಮಾಡಬಾರದ ಲಕ್ಷಣಗಳು

ದಿಢೀರನೆ ಒಂದು ಕಿವಿ ಕೇಳದಾದರೆ ಅದೇ ದಿನ ಕಿವಿ ವೈದ್ಯರ ಹತ್ತಿರ ಹೋಗಿ, ನಾಳೆಗೆ ಇಡಬೇಡಿ. ಮೆದುಳು ಜ್ವರ ಬಂದು ಹೋದ ಮಗುವಿಗೆ ಶ್ರವಣ ಪರೀಕ್ಷೆ ಕಡ್ಡಾಯ, ಅದೂ ಬೇಗ. ಒಳಗಿವಿ ಗಟ್ಟಿಯಾಗಿಬಿಟ್ಟರೆ ಮುಂದಿನ ಚಿಕಿತ್ಸೆ ಕಷ್ಟ. ಮಂಗನಬಾವು ಒಂದು ಕಿವಿಯನ್ನು ಸದ್ದಿಲ್ಲದೆ ಕಿತ್ತುಕೊಂಡು ಹೋಗಬಲ್ಲದು. ಕಿವಿ ಸೋರುವುದು, ಕೀವಿನ ವಾಸನೆ, ತಲೆಸುತ್ತು, ಕಲಿತ ಮಾತು ಹಿಂದೆ ಹೋಗುವುದು, ಇವಕ್ಕೂ ಕಾಯಬಾರದು.

ಮೆಲ್ಲನೆ ಕಾಣುವ ಲಕ್ಷಣಗಳೂ ಇವೆ. ಮೊಬೈಲನ್ನು ಯಾವಾಗಲೂ ಒಂದೇ ಕಿವಿಗೆ ಹಿಡಿಯುವುದು. "ಎಲ್ಲಿದ್ದೀಯಾ?" ಎಂದು ಅಮ್ಮನನ್ನು ಪಕ್ಕದ ಕೋಣೆಯಲ್ಲಿ ಹುಡುಕುವುದು. ರಸ್ತೆಯಲ್ಲಿ ಹಾರ್ನ್ ಕೇಳಿ ತಪ್ಪು ಕಡೆಗೆ ಸರಿಯುವುದು. ತರಗತಿಯಲ್ಲಿ ಒಂದು ಬೆಂಚಿನಲ್ಲಿ ಕೂತರೆ ಜಾಣ, ಇನ್ನೊಂದು ಬೆಂಚಿನಲ್ಲಿ ದಡ್ಡ ಎನಿಸುವುದು.

ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ, ಹೇರ್‌ಪಿನ್, ಬಡ್ಸ್, ಯಾವುದನ್ನೂ ಕಿವಿಗೆ ಹಾಕಬೇಡಿ. ತಮಟೆ ತೂತಾಗಿದ್ದರೆ ಎಣ್ಣೆ ನೇರ ಒಳಕ್ಕೆ ಹೋಗುತ್ತದೆ.

ತಪಾಸಣೆಗೆ ಹೋಗುವಾಗ

ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗಳಿಗೆ ಒಂದು ಸಲ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರಬೇಕು. ಅವರು ಬಂದ ದಿನ ನಿಮ್ಮ ಹಾಳೆ ತೋರಿಸಿ. ಅನುಮಾನ ಗಟ್ಟಿಯಾಗಿದ್ದರೆ ಅವರಿಗೆ ಕಾಯದೆ ಜಿಲ್ಲಾ ಆಸ್ಪತ್ರೆಯ ಕಿವಿ ಮೂಗು ಗಂಟಲು ವಿಭಾಗಕ್ಕೆ ಹೋಗಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಹಸುಗೂಸಿನ ವಿಷಯದಲ್ಲಿ ಎಲ್ಲ ಕಡೆ ಪಾಲಿಸಬೇಕೆನ್ನುವ ಗಡುವು ಹೀಗಿದೆ: ಒಂದು ತಿಂಗಳೊಳಗೆ ಮೊದಲ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಉತ್ತರ, ಆರು ತಿಂಗಳೊಳಗೆ ಚಿಕಿತ್ಸೆ ಅಥವಾ ಯಂತ್ರ. ಅದಕ್ಕೇ, ಆರು ತಿಂಗಳಾಗಲಿ, ಮನೆಯಲ್ಲೇ ಡಬ್ಬಿ ಅಲ್ಲಾಡಿಸಿ ನೋಡೋಣ ಎಂದು ಕಾಯಬೇಡಿ.

ಅಲ್ಲಿ ಕಿವಿಯೊಳಗೆ ಪುಟ್ಟ ತುದಿ ಇಟ್ಟು ಮಾಡುವ ಓಎಇ, ತಲೆಗೆ ತಂತಿ ಅಂಟಿಸಿ ಮಾಡುವ ಬೇರಾ, ತಮಟೆಯ ಒತ್ತಡ ನೋಡುವ ಪರೀಕ್ಷೆ ಇರುತ್ತವೆ. ಒಂದಕ್ಕೂ ಸೂಜಿ ಇಲ್ಲ, ನೋವಿಲ್ಲ. ಬೇರಾಗೆ ಚಿಕ್ಕ ಮಗು ನಿದ್ದೆಯಲ್ಲಿರಬೇಕು. ಹಾಗಾಗಿ ಹೋಗುವ ದಿನ ಬೆಳಗ್ಗೆ ಬೇಗ ಎಬ್ಬಿಸಿ, ದಾರಿಯಲ್ಲಿ ಬಸ್ಸಿನಲ್ಲಿ ಮಲಗಲು ಬಿಡಬೇಡಿ. ಹಾಲು, ತಿಂಡಿಯನ್ನು ಯಾವಾಗ ಕೊಡಬೇಕೆಂದು ಅಲ್ಲಿಯವರನ್ನು ಮೊದಲೇ ಕೇಳಿಟ್ಟುಕೊಳ್ಳಿ, ಜೊತೆಗೆ ಮಗು ದಿನವೂ ಹೊದ್ದು ಮಲಗುವ ಬಟ್ಟೆ ಒಯ್ಯಿರಿ.